ಕ್ಯಾಮೆರಾ ಈಗ ಕೊಳ್ಳೋದಾ, ಕಾಯೋದಾ? ನನ್ನ ನೋಟ್‌ಬುಕ್ ಮತ್ತು ಆಷಾಢದ ಲೆಕ್ಕ

ಹೊಸ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಈಗಲೇ ತಗೊಳ್ಳೋದಾ, ಮುಂದಿನ ಮಾಡೆಲ್ ಬರೋವರೆಗೆ ಕಾಯೋದಾ ಅನ್ನೋ ಮಾತು ಮದುವೆ ಫೋಟೋ ತೆಗೆಯುವ ನಮ್ಮಂಥವರ ನಡುವೆ ವರ್ಷವಿಡೀ ಇರುತ್ತದೆ. ಕಂಪನಿಯ ಲಾಂಚ್ ಸುದ್ದಿ ನೋಡಿ ತೀರ್ಮಾನ ಮಾಡುವುದನ್ನು ನಾನು ಬಿಟ್ಟು ಏಳೆಂಟು ವರ್ಷವಾಯಿತು. ಈಗ ನೋಡುವುದು ಎರಡನ್ನೇ. ಕ್ಯಾಮೆರಾ ಬಾಡಿಗೆಗೆ ತಂದಾಗ ಕೊಟ್ಟ ರೆಂಟ್ ಬರೆದಿಡುವ ಒಂದು ನೋಟ್‌ಬುಕ್ಕು, ಇನ್ನೊಂದು ಪಂಚಾಂಗ. ತಿಪಟೂರಿನ ಸ್ಟುಡಿಯೋ ಗೆಳೆಯರು ಇದನ್ನು ಕೇಳಿ ನಕ್ಕಿದ್ದರು. ‘ಪಂಚಾಂಗ ನೋಡಿ ಕ್ಯಾಮೆರಾ ತಗೊಳ್ಳೋನು ನೀನೊಬ್ಬನೇ ಕಣಪ್ಪ’ ಅಂದಿದ್ದರು. ಹಾಗೆ ಅಂದವರಲ್ಲಿ ಇಬ್ಬರು ಈಗ ತಾವೂ ನೋಟ್‌ಬುಕ್ ಇಟ್ಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇದು ಶುರುವಾದದ್ದು 2018ರ ಕೊನೆಗೆ. ನನ್ನ ನಿಕಾನ್ ಡಿ7000 ಕ್ಯಾಮೆರಾ ಸುಸ್ತಾಗಿತ್ತು. ಆ ವರ್ಷವೇ ನಿಕಾನ್ ಝಡ್6 ಬಂದಿತ್ತು. ಎಲ್ಲರ ಬಾಯಲ್ಲೂ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ. ಆದರೆ ಅದರಲ್ಲಿದ್ದದ್ದು ಒಂದೇ ಕಾರ್ಡ್ ಸ್ಲಾಟ್, ಅದೂ ಎಕ್ಸ್‌ಕ್ಯೂಡಿ ಅನ್ನುವ ಬೇರೆ ಬಗೆಯ ಕಾರ್ಡಿಗೆ. ಮಾಂಗಲ್ಯಧಾರಣೆಗೆ ರೀಟೇಕ್ ಇಲ್ಲ. ಕಾರ್ಡ್ ಕೈಕೊಟ್ಟರೆ ಆ ಮನೆಯವರಿಗೆ ಏನು ಹೇಳೋದು? ನಾನು 2014ರ ಮಾಡೆಲ್ ಆದ ಡಿ750 ತಗೊಳ್ಳೋದು ಅಂತ ನಿರ್ಧಾರ ಮಾಡಿದೆ. ಎರಡು ಎಸ್‌ಡಿ ಸ್ಲಾಟ್, 24 ಮೆಗಾಪಿಕ್ಸೆಲ್. ಅದರ ಮೊದಮೊದಲ ಬ್ಯಾಚುಗಳಲ್ಲಿ ಫ್ಲೇರ್ (ಎದುರಿನ ಬೆಳಕಿಗೆ ಫೋಟೋದಲ್ಲಿ ಪಟ್ಟೆ ಮೂಡುವ) ತೊಂದರೆ ಇತ್ತು, ನಿಕಾನ್ ಅದನ್ನು ಉಚಿತವಾಗಿ ಸರಿ ಮಾಡಿಕೊಟ್ಟಿತ್ತು. 2018ರ ಹೊತ್ತಿಗೆ ಎಲ್ಲ ತಿಳಿಯಾಗಿತ್ತು. ಅದಕ್ಕೂ ಮೊದಲು ಡಿ600 ಸೆನ್ಸರ್ ಮೇಲೆ ಕಲೆ ಬೀಳುವ ದೂರಿಗೆ ಸಿಕ್ಕಿ, ಒಂದೇ ವರ್ಷದಲ್ಲಿ ಡಿ610 ಬಂದದ್ದು ನಿಮಗೆ ನೆನಪಿರಬಹುದು. ಯಾವ ಮಾಡೆಲ್ ಆಗಲಿ, ಅದರ ಮೊದಲ ವರ್ಷ ನಾನು ಮುಟ್ಟುವುದಿಲ್ಲ.

ಡಿಸೆಂಬರ್‌ನಲ್ಲೇ ದುಡ್ಡು ಕೈಯಲ್ಲಿತ್ತು. ಆದರೆ ಧನುರ್ಮಾಸ ಹತ್ತಿತ್ತು. ಸಂಕ್ರಾಂತಿವರೆಗೆ ಒಂದೂ ಮದುವೆ ಇಲ್ಲ. ಸುಮ್ನೆ ಡಬ್ಬದಲ್ಲಿಡಲು ಕ್ಯಾಮೆರಾ ಯಾಕೆ ಅಂತ ತಡೆದೆ. ಡಿಸೆಂಬರ್ 22ರಂದು ಜಿಎಸ್‌ಟಿ ಕೌನ್ಸಿಲ್ ಡಿಜಿಟಲ್ ಕ್ಯಾಮೆರಾ ಮೇಲಿನ ತೆರಿಗೆಯನ್ನು 28ರಿಂದ 18 ಪರ್ಸೆಂಟಿಗೆ ಇಳಿಸಿತು. 2019ರ ಜನವರಿ 1ರಿಂದ ಜಾರಿ. ಲಕ್ಷದ ಆಸುಪಾಸಿನ ವಸ್ತುವಿಗೆ ಏಳೆಂಟು ಸಾವಿರ ಉಳಿಯಿತು. ಬೆಂಗಳೂರಿನ ಮೊದಲ ಅಂಗಡಿಯವರು ‘ಹಳೇ ಸ್ಟಾಕು ಸಾರ್, ಹಳೇ ರೇಟೇ’ ಅಂತ ಹಟ ಹಿಡಿದರು. ಪಕ್ಕದ ಬೀದಿಯ ಅಂಗಡಿಯಲ್ಲಿ ಹೊಸ ರೇಟಿಗೆ ಸಿಕ್ಕಿತು. ಆ ಉಳಿದ ದುಡ್ಡಿಗೆ ಫ್ಲ್ಯಾಶ್ ಮತ್ತು ಟ್ರಿಗರ್ ಬಂತು. ಕೆಲಸವಿಲ್ಲದ ತಿಂಗಳಲ್ಲಿ ಕಾಯುವುದಕ್ಕೆ ಖರ್ಚಿಲ್ಲ ಅನ್ನುವುದು ಅಲ್ಲಿಂದ ನನ್ನ ತಲೆಯಲ್ಲಿ ಕೂತಿತು.

ಮರುವರ್ಷ ಕೊರೋನಾ ಬಂತು. ಮದುವೆಗೆ ಐವತ್ತೇ ಜನ ಅಂತ ನಿಯಮ. ಹೊಸ ಮಿರರ್‌ಲೆಸ್ ಅನ್ನು ಇಎಂಐ ಮೇಲೆ ತಂದಿದ್ದ ನಮ್ಮೂರಿನವರು ಕಂತು ಕಟ್ಟಲಾಗದೆ ಲೆನ್ಸ್ ಮಾರಿದರು. ನನಗೆ ಕಂತಿರಲಿಲ್ಲ. ಆರ್ಡರ್ ಇಲ್ಲದಿದ್ದರೂ ರಾತ್ರಿ ನಿದ್ದೆ ಬರುತ್ತಿತ್ತು. 2020ರ ಅಕ್ಟೋಬರ್‌ನಲ್ಲಿ ಝಡ್6 ಟೂ ಬಂತು, ಎರಡು ಸ್ಲಾಟ್ ಜೊತೆಗೆ. ನಾವು ಕೇಳಿದ್ದನ್ನು ಕೊಟ್ಟಿದ್ದರು. ಆದರೂ ಕೊಳ್ಳಲಿಲ್ಲ. ಬೆಲೆ ಒಂದು ಲಕ್ಷ ಅರವತ್ತೈದು ಸಾವಿರದ ಸುತ್ತ ಇತ್ತು. ಬೇಕಾದಾಗ ರೆಂಟಿಗೆ ತರುವುದು ಅಂತ ಮಾಡಿದೆ.

ನೋಟ್‌ಬುಕ್ ಅಲ್ಲಿಂದ ಶುರು. ಪ್ರತಿ ಸಲ ರೆಂಟಿಗೆ ತಂದಾಗ ಒಂದು ಸಾಲು. ಯಾವ ಆರ್ಡರ್, ಎಷ್ಟು ಕೊಟ್ಟೆ, ಆ ಕ್ಯಾಮೆರಾ ಇಲ್ಲದಿದ್ದರೆ ಆರ್ಡರ್ ಕೈತಪ್ಪುತ್ತಿತ್ತಾ. ಕೊನೆಯ ಕಾಲಂ ಮುಖ್ಯ. ನಿಜವಾಗಿ ಬೇಕಾಗಿತ್ತಾ, ಆಸೆಗೆ ತಂದೆನಾ ಅನ್ನುವುದು ಅಲ್ಲಿ ಬೀಳುತ್ತದೆ. ನನ್ನ ನಿಯಮ ಇಷ್ಟೇ. ತುಳಸಿ ಹಬ್ಬದಿಂದ ಆಷಾಢದವರೆಗಿನ ಒಂದು ಸೀಸನ್‌ನಲ್ಲಿ ಒಂದು ಮಾಡೆಲ್‌ಗೆ ಕೊಟ್ಟ ರೆಂಟು, ಅದೇ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ಕೊಳ್ಳುವುದು. ದಾಟದಿದ್ದರೆ ಕಾಯುವುದು. ಮೂರನೇ ಒಂದು ಯಾಕೆ ಅಂದರೆ, ಮೂರು ಸೀಸನ್ ದುಡಿದರೆ ಅಸಲು ಬರುತ್ತದೆ. ಅದಕ್ಕಿಂತ ಜಾಸ್ತಿ ದಿನ ಒಂದೇ ಬಾಡಿ ಮೇಲೆ ನಂಬಿಕೆ ಇಡುವುದು ನಮ್ಮ ಕೆಲಸದಲ್ಲಿ ಕಷ್ಟ. ಮದುವೆಗೆ ಎರಡೂವರೆ ಮೂರು ಸಾವಿರ ಕ್ಲಿಕ್ ಹೊಡೆಯುತ್ತೇವೆ. ಶಟರ್ ರೇಟಿಂಗ್, ಅಂದರೆ ಶಟರ್ ಎಷ್ಟು ಕ್ಲಿಕ್ ತಾಳುತ್ತದೆ ಅಂತ ಕಂಪನಿ ಹೇಳುವ ಲೆಕ್ಕ, ಡಿ750ಗೆ ಒಂದೂವರೆ ಲಕ್ಷ, ಝಡ್6 ಟೂಗೆ ಎರಡು ಲಕ್ಷ.

ರೆಂಟಿನ ತೊಂದರೆಗಳನ್ನೂ ಹೇಳಬೇಕು. ದಿನಕ್ಕೆ ಸಾವಿರದ ಐನೂರರಿಂದ ಎರಡು ಸಾವಿರ, ಡಿಪಾಸಿಟ್ ಬೇರೆ. ಮದುವೆ ಒಂದೇ ದಿನವಾದರೂ ಹಿಂದಿನ ದಿನದ ಬಾಡಿಗೆಯೂ ಬೀಳುತ್ತದೆ, ಯಾಕೆಂದರೆ ರೈಲಿಗೆ ಹೋಗಿ ತರಬೇಕು. ಬಸ್ ಪಾರ್ಸೆಲ್‌ಗೆ ಹಾಕಿಸುವ ಧೈರ್ಯ ನನಗಿಲ್ಲ. ಒಮ್ಮೆ ತಂದ ಬಾಡಿಯ ಎಕ್ಸ್‌ಕ್ಯೂಡಿ ಸ್ಲಾಟಿನ ಪಿನ್ ಬಾಗಿತ್ತು. ಗೊತ್ತಾಗಿದ್ದು ಬೆಳಿಗ್ಗೆ ಐದಕ್ಕೆ, ಛತ್ರದಲ್ಲಿ. ಎಸ್‌ಡಿ ಸ್ಲಾಟಿನಲ್ಲೇ ಇಡೀ ಧಾರೆ ಮುಗಿಸಿದೆ. ವಾಪಸ್ ಕೊಡುವಾಗ ಪಿನ್ನಿನ ಖರ್ಚು ನನ್ನ ಡಿಪಾಸಿಟ್‌ನಲ್ಲಿ ಮುರಿದುಕೊಂಡರು. ನಾಲ್ಕು ಸಾವಿರ ಹೋಯಿತು. ಅಂದಿನಿಂದ ರೆಂಟಿಗೆ ತರುವಾಗ ಕೌಂಟರ್ ಮುಂದೆಯೇ ಎರಡೂ ಸ್ಲಾಟಿಗೆ ಕಾರ್ಡ್ ಹಾಕಿ, ವಿಡಿಯೋ ಮಾಡಿಕೊಂಡೇ ಹೊರಡುತ್ತೇನೆ.

ಆದರೆ ಆ ರೆಂಟುಗಳೇ ನನಗೆ ನಿಜ ತೋರಿಸಿದ್ದು. ಡಿ750ರ 51 ಫೋಕಸ್ ಪಾಯಿಂಟುಗಳು ಫ್ರೇಮಿನ ನಡುವೆ ಗುಂಪು ಸೇರಿವೆ. ಮಂಟಪದ ಅಂಚಿನಲ್ಲಿ ನಿಂತ ಹುಡುಗಿಯ ಅಮ್ಮನ ಕಣ್ಣೀರು ಹಿಡಿಯಬೇಕಾದರೆ ಫೋಕಸ್ ಮಾಡಿ, ಫ್ರೇಮ್ ಸರಿಸಿ, ಕ್ಲಿಕ್ ಮಾಡಬೇಕು. ಅಷ್ಟರಲ್ಲಿ ಸೆರಗು ಅಡ್ಡ ಬಂದಿರುತ್ತದೆ. ಝಡ್6 ಟೂನಲ್ಲಿ ಪಾಯಿಂಟುಗಳು ಅಂಚಿನ ಹತ್ತಿರದವರೆಗೂ ಇವೆ. ಕಣ್ಣು ಹಿಡಿಯುವ ಎಎಫ್ (ಆಟೋಫೋಕಸ್) ಅನ್ನು ಬಾಸಿಂಗದ ಮೇಲೆ ಪರೀಕ್ಷೆ ಮಾಡಿದೆ. ಬಾಸಿಂಗ ಕೆಳಗೆ ಇಳಿದಾಗ ಅದು ಮುತ್ತಿನ ಸಾಲನ್ನೇ ಹಿಡಿಯುತ್ತದೆ. ಹೋಮದ ಹೊಗೆಯಲ್ಲೂ ತಡವರಿಸುತ್ತದೆ. ಆ ಹೊತ್ತಿಗೆ ಸಿಂಗಲ್ ಪಾಯಿಂಟಿಗೆ ಬರಬೇಕು. ಅದೊಂದು ಬಿಟ್ಟರೆ ಅಂತರಪಟ ಸರಿಸುವ ಗಳಿಗೆಯಲ್ಲಿ ಹತ್ತಕ್ಕೆ ಒಂಬತ್ತು ಶಾರ್ಪ್. ಡಿ750ರಲ್ಲಿ ಆರು ಬಂದರೆ ಪುಣ್ಯ. ಸೈಲೆಂಟ್ ಶಟರ್ ಮಾತ್ರ ಎಲ್‌ಇಡಿ ವಾಲ್ ಮುಂದೆ ಬೇಡ. ಪಟ್ಟೆ ಬರುತ್ತದೆ.

ಇನ್ನೊಂದು ಪ್ರಯೋಗವೂ ಆಯಿತು. ಮೆಗಾಪಿಕ್ಸೆಲ್ ಜಾಸ್ತಿ ಬೇಕಾ ಅನ್ನುವ ಜಗಳ ಮುಗಿಸೋಣ ಅಂತ, ಒಂದೇ ಗ್ರೂಪ್ ಫೋಟೋವನ್ನು ಗೆಳೆಯನ ಹಳೇ 12 ಮೆಗಾಪಿಕ್ಸೆಲ್ ಡಿ700, ನನ್ನ ಡಿ750, ಮತ್ತೆ ಒಂದು ಫೋನ್‌ನಲ್ಲಿ ತೆಗೆದೆ. 12x36 ಆಲ್ಬಮ್ ಶೀಟಿನಲ್ಲಿ ಒಂದು ಬದಿಗೆ, ಅಂದರೆ 12x18 ಅಳತೆಗೆ ಪ್ರಿಂಟ್ ಹಾಕಿಸಿದೆ. 24 ಮೆಗಾಪಿಕ್ಸೆಲ್‌ನಲ್ಲಿ ಇಂಚಿಗೆ 330ರಷ್ಟು ಪಿಕ್ಸೆಲ್ ಬೀಳುತ್ತದೆ, 12ರಲ್ಲಿ 236. ಸ್ಟುಡಿಯೋಗೆ ಬಂದವರಿಗೆಲ್ಲ ತೋರಿಸಿದೆ. ಎರಡು ಕ್ಯಾಮೆರಾಗಳ ನಡುವೆ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಫೋನಿನದು ಎಲ್ಲರಿಗೂ ಗೊತ್ತಾಯಿತು. ಹಿಂದಿನ ಸಾಲಿನ ಮುಖಗಳು ಮೇಣದ ಹಾಗಿದ್ದವು, ಜರಿ ಸೀರೆಯ ಅಂಚು ಕಲಸಿತ್ತು. ಅವತ್ತಿಂದ ಮೆಗಾಪಿಕ್ಸೆಲ್‌ಗಾಗಿ ಕಾಯುವ ಮಾತು ನನ್ನ ಮಟ್ಟಿಗೆ ಮುಗಿಯಿತು.

2023ರಲ್ಲಿ ಕೊಬ್ಬರಿ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ನಮ್ಮ ಕಡೆ ಕೊಬ್ಬರಿ ಬಿದ್ದರೆ ಮದುವೆ ಬಜೆಟ್ ಬಿತ್ತು ಅಂತಲೇ ಅರ್ಥ. ಡ್ರೋನ್ ಕ್ಯಾನ್ಸಲ್, ಎರಡನೇ ಆಲ್ಬಮ್ ಕ್ಯಾನ್ಸಲ್. ಆ ಸೀಸನ್‌ನಲ್ಲಿ ನೋಟ್‌ಬುಕ್ ‘ಬೇಡ’ ಅಂದಿತು, ಕೊಳ್ಳಲಿಲ್ಲ. ಮುಂದಿನ ಸೀಸನ್‌ನಲ್ಲಿ ರೀಲ್ಸ್‌ಗೆ ವಿಡಿಯೋ ಕೇಳುವವರು ಜಾಸ್ತಿಯಾದರು. ಡಿ750ರ ಲೈವ್ ವ್ಯೂ (ಹಿಂದಿನ ಸ್ಕ್ರೀನ್ ನೋಡಿ ತೆಗೆಯುವ) ಫೋಕಸ್ ಇಟ್ಟುಕೊಂಡು ಆ ಕೆಲಸ ಆಗುವುದಿಲ್ಲ. ಝಡ್6 ಟೂ ರೆಂಟು ಮೂವತ್ತೈದು ಸಾವಿರ ದಾಟಿತು. ಸೆಕೆಂಡ್ ಹ್ಯಾಂಡ್ ಬೆಲೆ ಆಗ ಲಕ್ಷದ ಮೇಲೆ ಐದು ಹತ್ತು ಸಾವಿರ. ಲೆಕ್ಕ ಕೂಡಿತು.

ಆಗಲೇ 2024ರ ಜೂನ್‌ನಲ್ಲಿ ಝಡ್6 ತ್ರೀ ಬಂತು, ಹತ್ತಿರ ಹತ್ತಿರ ಎರಡೂವರೆ ಲಕ್ಷಕ್ಕೆ. ‘ಹೊಸದು ಬಂದಿದೆ, ಈಗ ಹಳೇದು ತಗೊಳ್ತೀಯಾ?’ ಅಂತ ಎಲ್ಲರೂ ಕೇಳಿದರು. ನಾನು ಕಾಯುತ್ತಿದ್ದದ್ದೇ ಆ ಗಳಿಗೆಗೆ. ಹೊಸದು ಬಂದಾಗ ದೊಡ್ಡ ಊರಿನ ಸ್ಟುಡಿಯೋಗಳು ಹಳೇದನ್ನು ಕಳಿಸುತ್ತವೆ. ಆ ವರ್ಷ ಮೇ ತಿಂಗಳಲ್ಲಿ ಗುರು, ಶುಕ್ರ ಎರಡೂ ಅಸ್ತವಾಗಿ ಮುಹೂರ್ತಗಳೇ ಇರಲಿಲ್ಲ. ಜುಲೈ 6ಕ್ಕೆ ಆಷಾಢ ಹತ್ತಿತು. ಎರಡು ತಿಂಗಳ ಮೇಲೆ ದುಡಿಮೆ ಇಲ್ಲದೆ ಕೂತವರ ಕೈಯಲ್ಲಿ ಕ್ಯಾಮೆರಾ ಇದೆ, ಕಾಸಿಲ್ಲ. ಏಪ್ರಿಲ್‌ನಲ್ಲಿ ಲಕ್ಷದ ಹತ್ತು ಸಾವಿರ ಹೇಳಿದವರು ಆಷಾಢದ ಎರಡನೇ ವಾರಕ್ಕೆ ತೊಂಬತ್ತೈದಕ್ಕೆ ಇಳಿದರು. ನಾನು ತೊಂಬತ್ತೆರಡಕ್ಕೆ ಮುಗಿಸಿದೆ. ಹಳೇ ಲೆನ್ಸ್‌ಗಳನ್ನು ಹಾಕಲು ಬೇಕಾದ ಎಫ್‌ಟಿಝಡ್ ಅಡಾಪ್ಟರ್, ಎರಡು ಬ್ಯಾಟರಿ, ಒಂದು ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್ ಸೇರಿ.

ಅದಕ್ಕೂ ಮುಂಚೆ ಎರಡು ವ್ಯಾಪಾರ ಕೆಟ್ಟವು. ಒಬ್ಬರು ‘ಬರೀ ನಲವತ್ತು ಸಾವಿರ ಕ್ಲಿಕ್’ ಅಂದಿದ್ದರು. ಫೋಟೋ ಫೈಲ್ ತರಿಸಿ ಅದರೊಳಗಿನ ಎಕ್ಸಿಫ್ ಮಾಹಿತಿ ನೋಡಿದರೆ ಒಂದು ಲಕ್ಷ ಮೂವತ್ತು ಸಾವಿರ. ನಿಕಾನ್ ಫೈಲಿನಲ್ಲಿ ಎಣಿಕೆ ಸಿಗುತ್ತದೆ, ಆದರೆ ಝಡ್ ಬಾಡಿಗಳಲ್ಲಿ ಒಟ್ಟು ಎಣಿಕೆ ಬೇರೆ, ಮೆಕ್ಯಾನಿಕಲ್ ಶಟರ್ ಎಣಿಕೆ ಬೇರೆ. ಎರಡನೆಯದನ್ನೇ ನೋಡಿ. ಇನ್ನೊಬ್ಬರ ಕ್ಯಾಮೆರಾದಲ್ಲಿ ಅಪರ್ಚರ್ ಎಫ್16ಕ್ಕೆ ಇಟ್ಟು ಬಿಳಿ ಗೋಡೆ ತೆಗೆದಾಗ ಸೆನ್ಸರ್ ಮೇಲಿನ ಒಂದು ಗೆರೆ ಕಂಡಿತು. ಬ್ಲೋಯರ್ ಹೊಡೆದರೂ ಹೋಗಲಿಲ್ಲ. ಕೊಟ್ಟಿದ್ದ ಐದು ಸಾವಿರ ಅಡ್ವಾನ್ಸ್ ಇವತ್ತಿನವರೆಗೂ ವಾಪಸ್ ಬಂದಿಲ್ಲ. ಗ್ರೇ ಮಾರ್ಕೆಟ್ (ಕಂಪನಿಯ ಅಧಿಕೃತ ದಾರಿಯಲ್ಲಿ ಬರದ) ಪೀಸ್ ಎಂಬತ್ತೈದಕ್ಕೆ ಸಿಗುತ್ತಿತ್ತು, ಬಿಲ್ ಇಲ್ಲದ್ದನ್ನು ಮುಟ್ಟಲಿಲ್ಲ.

ಯಾವ ಸ್ಟುಡಿಯೋ ಯಾವಾಗ ಬದಲಾಯಿಸುತ್ತದೆ ಅಂತ ನನಗೆ ಮೊದಲೇ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮಾರುವವರಿಗೆ ಫೋನಿನಲ್ಲಿ ಮೊದಲು ಕೇಳುವ ಒಂದು ಪ್ರಶ್ನೆ ಇದೆ. ಉತ್ತರ ಕೇಳಿದರೆ ಆ ಕ್ಯಾಮೆರಾ ಮಳೆಯಲ್ಲಿ ನೆನೆದಿದೆಯಾ ಇಲ್ಲವಾ ಅಂತ ಬಹುಪಾಲು ಗೊತ್ತಾಗುತ್ತದೆ. ಅದನ್ನೂ ಇಟ್ಟುಕೊಳ್ಳುತ್ತೇನೆ. ಇನ್ನೂ ಎರಡು ಆಷಾಢ ನನಗೆ ಅದರಿಂದ ಕೆಲಸವಿದೆ.

ಲೆನ್ಸ್ ವಿಷಯ ಒಂದೇ ಮಾತು. ಒಳಗೇ ಫೋಕಸ್ ಮೋಟಾರಿರುವ ಎಎಫ್-ಎಸ್ ಲೆನ್ಸ್‌ಗಳೆಲ್ಲ ಅಡಾಪ್ಟರ್ ಮೇಲೆ ಚೆನ್ನಾಗಿ ಓಡುತ್ತವೆ. ಹಳೇ ಡಿ ಲೆನ್ಸ್‌ಗಳಿಗೆ ಫೋಕಸ್ ಕೈಯಲ್ಲೇ, ಯಾಕೆಂದರೆ ಆ ಲೆನ್ಸ್‌ನಲ್ಲೂ ಮೋಟಾರಿಲ್ಲ, ಅಡಾಪ್ಟರ್‌ನಲ್ಲೂ ಇಲ್ಲ. ಹಾಗಾಗಿ 85 ಎಂಎಂ 1.8ಡಿ ಅನ್ನು ಕ್ಯಾಮೆರಾ ಕೊಳ್ಳುವ ಮುಂಚೆಯೇ, ಸೀಸನ್ ಮಧ್ಯದಲ್ಲಿ ಮಾರಿದ್ದೆ. ಆಗ ಲೆನ್ಸಿಗೆ ಬೆಲೆ ಇರುತ್ತದೆ. ಮಾರುವುದು ಮಾಘ ವೈಶಾಖದಲ್ಲಿ, ಕೊಳ್ಳುವುದು ಆಷಾಢದಲ್ಲಿ. ಡಿ750 ಮಾರಲಿಲ್ಲ. ಸಿಗುತ್ತಿದ್ದದ್ದು ನಲವತ್ತರೊಳಗೆ. ಎರಡನೇ ಬಾಡಿಯಾಗಿ ಇನ್ನೂ ಅದಕ್ಕಿಂತ ಜಾಸ್ತಿ ದುಡಿಯುತ್ತಿದೆ.

ಫಲ ಏನಾಯಿತು? ಮೊದಲ ಸೀಸನ್‌ನಲ್ಲೇ ರೆಂಟಿನ ಮೂವತ್ತು ಮೂವತ್ತೈದು ಸಾವಿರ ಉಳಿಯಿತು. ವಿಡಿಯೋ ಸೇರಿಸಿ ಆರ್ಡರಿಗೆ ಐದಾರು ಸಾವಿರ ಜಾಸ್ತಿ ಕೇಳುವ ಧೈರ್ಯ ಬಂತು, ಕೊಟ್ಟರು ಕೂಡ. ಎರಡನೇ ಸೀಸನ್ ಮುಗಿಯುವ ಮುಂಚೆ ಅಸಲು ಬಂದಿತ್ತು. ಮೂರು ಅಂತ ಹಾಕಿದ ಲೆಕ್ಕ ಎರಡಕ್ಕೇ ಮುಗಿಯಿತು. ಹೆಣ್ಣಿನ ಕಡೆಯವರು ಯಾರೂ ನನ್ನ ಕ್ಯಾಮೆರಾ ಯಾವ ವರ್ಷದ್ದು ಅಂತ ಕೇಳಲಿಲ್ಲ. ಆಲ್ಬಮ್ ನೋಡಿ ನಾದಿನಿ ಮದುವೆಗೂ ಕರೆದರು.

ಹಾಗಂತ ಕಾದರೆ ಯಾವಾಗಲೂ ಲಾಭ ಅಂತ ನಾನು ಹೇಳುತ್ತಿಲ್ಲ. 2011ರ ಕೊನೆಯಲ್ಲಿ ಥಾಯ್ಲೆಂಡ್‌ನಲ್ಲಿ ನೆರೆ ಬಂದು ಅಯುತ್ತಾಯದ ನಿಕಾನ್ ಕಾರ್ಖಾನೆ ಮುಳುಗಿತು. ಬೆಲೆ ಇಳಿಯಲಿ ಅಂತ ಕೂತಿದ್ದವರಿಗೆ ಸ್ಟಾಕೇ ಸಿಗಲಿಲ್ಲ. 2016ರಲ್ಲಿ ಕುಮಾಮೊಟೊ ಭೂಕಂಪಕ್ಕೆ ಸೋನಿಯ ಸೆನ್ಸರ್ ಕಾರ್ಖಾನೆ ನಿಂತಾಗಲೂ ಹಾಗೇ ಆಯಿತು. ಕಳೆದ ವರ್ಷ, 2025ರ ಸೆಪ್ಟೆಂಬರ್‌ನಲ್ಲಿ, ಜಿಎಸ್‌ಟಿ ಇಳಿಯುತ್ತದೆ ಅಂತ ನಮ್ಮವರು ಹಲವರು ಕಾದರು. ಇಳಿದದ್ದು ಟಿವಿ, ಎಸಿ. ಕ್ಯಾಮೆರಾ 2019ರಿಂದಲೇ 18ರಲ್ಲಿತ್ತು, ಅಲ್ಲೇ ಉಳಿಯಿತು. ಅಷ್ಟರಲ್ಲಿ ಕಾರ್ತಿಕ ಬಂದು ಸೀಸನ್ ಶುರುವಾಗಿ, ಅವರು ರೆಂಟಿಗೆ ಓಡಬೇಕಾಯಿತು. ರೆಂಟು ಮೂರನೇ ಒಂದು ದಾಟಿದ ಮೇಲೆ ಕಾಯಬೇಡಿ.

ಈ ಸಲ ಡಿ750ರ ಜಾಗಕ್ಕೆ ಇನ್ನೊಂದು ಬಾಡಿ ನೋಡುತ್ತಿದ್ದೇನೆ. 2026ರಲ್ಲಿ ಅಧಿಕ ಜ್ಯೇಷ್ಠ ಇದೆ, ಮೇ 17ರಿಂದ ಜೂನ್ 15. ಅದರಲ್ಲೂ ಮದುವೆ ಇಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಬೇಗನೇ ತೆರೆಯಬಹುದು. ಝಡ್6 ತ್ರೀ ರೆಂಟು ಇಲ್ಲಿಯವರೆಗೆ ಹದಿನೈದು ಸಾವಿರದ ಹತ್ತಿರ ಆಗಿದೆ. ಐವತ್ತು ದಾಟದೆ ನಾನು ಅದನ್ನು ಕೊಳ್ಳುವುದಿಲ್ಲ. ದಾಟದಿದ್ದರೆ ಇನ್ನೊಂದು ಝಡ್6 ಟೂ, ಎಪ್ಪತ್ತರೊಳಗೆ ಸಿಕ್ಕರೆ.