ಫ್ರಾನ್ಸ್‌ನ ಹಳ್ಳಿಮನೆಗೆ ಊರಿಂದ ನೆಂಟರು ಬರುವ ಮುನ್ನ

ಪ್ಯಾರಿಸ್‌ನ ಫ್ಲ್ಯಾಟಿಗೆ ಅಪ್ಪ ಅಮ್ಮನನ್ನು ಕರೆಸಿಕೊಂಡವರ ಸಲಹೆ ಹಳ್ಳಿಯಲ್ಲಿರುವ ನಿಮಗೆ ಅರ್ಧ ಮಾತ್ರ ಉಪಯೋಗ. ವೀಸಾದ ನಿಯಮ ಒಂದೇ, ಮನೆ ಬೇರೆ. ಇಲ್ಲಿನ ಬಿಸಿನೀರು, ಕರೆಂಟು, ಶೌಚದ ಗುಂಡಿ ಎಲ್ಲವೂ ಇಬ್ಬರು ಮೂವರ ಲೆಕ್ಕಕ್ಕೆ ಇರುವಂಥವು. ಆರು ಜನ ಸೇರಿದರೆ ಯಾವುದಾದರೂ ಒಂದು ಕೈಕೊಡುತ್ತದೆ.

ಮೊದಲು ಕಾಗದಪತ್ರ. ನೆಂಟರು ನಿಮ್ಮ ಮನೆಯಲ್ಲೇ ಉಳಿಯುವುದಾದರೆ ನಿಮ್ಮ ಹಳ್ಳಿಯ ಮೇರಿಯಿಂದ ‘ಅತೆಸ್ತಾಸಿಯೋಂ ದಾಕೈ’, ಅಂದರೆ ನೆಂಟರನ್ನು ನಿಮ್ಮ ಮನೆಯಲ್ಲಿ ಉಳಿಸಿಕೊಳ್ಳುತ್ತೀರಿ ಎಂಬ ಪ್ರಮಾಣಪತ್ರ, ಪಡೆಯಬೇಕು. ಮೇರಿ ಎಂದರೆ ನಮ್ಮ ಪಂಚಾಯಿತಿ ಕಚೇರಿಯ ಹಾಗೆ, ಆದರೆ ಸಣ್ಣ ಊರುಗಳಲ್ಲಿ ವಾರಕ್ಕೆ ಎರಡು ಮೂರು ಅರ್ಧ ದಿನ ಮಾತ್ರ ಬಾಗಿಲು ತೆರೆದಿರುತ್ತದೆ. ಫೋನ್ ಮಾಡಿ, ನೀವೇ ಖುದ್ದಾಗಿ ಹೋಗಿ. ನಿಮ್ಮ ರೆಸಿಡೆನ್ಸ್ ಕಾರ್ಡು, ಮನೆಯ ಪತ್ರ ಅಥವಾ ಬಾಡಿಗೆ ಕರಾರು, ಇತ್ತೀಚಿನ ಕರೆಂಟ್ ಬಿಲ್ಲು, ಮೂರು ತಿಂಗಳ ಸಂಬಳದ ಚೀಟಿ, ತೆರಿಗೆ ನೋಟಿಸು, ಬರುವವರ ಪಾಸ್‌ಪೋರ್ಟಿನ ವಿವರ ಜೊತೆಗಿರಲಿ. 2025ರಲ್ಲಿ ಸ್ಟ್ಯಾಂಪಿಗೆ 30 ಯೂರೋ ಇತ್ತು. ಅರ್ಜಿ ತಿರಸ್ಕಾರವಾದರೂ ಆ ದುಡ್ಡು ವಾಪಸ್ ಬರುವುದಿಲ್ಲ. ಎಷ್ಟು ಕೋಣೆ, ಎಷ್ಟು ಜನ ಎಂದೂ ಕೇಳಬಹುದು. ಒಂದು ತಿಂಗಳು ಉತ್ತರವೇ ಬಾರದಿದ್ದರೆ ‘ಇಲ್ಲ’ ಎಂದರ್ಥ.

ಎಡವುವುದು ಇದರ ನಂತರ. ಸ್ಕ್ಯಾನ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರೆ ಸಾಲದು, ಮೂಲಪ್ರತಿಯೇ ಊರಿಗೆ ತಲುಪಬೇಕು. ಟ್ರ್ಯಾಕ್ ಮಾಡಬಹುದಾದ ಕೊರಿಯರ್‌ನಲ್ಲಿ ಕಳಿಸಿ. ವಿಮಾನದಿಂದ ಇಳಿದ ಮೇಲೆ ಗಡಿ ಪೊಲೀಸರೂ ಕೇಳುವುದರಿಂದ ಅದು ಚೆಕ್-ಇನ್ ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿರಲಿ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಹಾಕಬಹುದು. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು. ಆ ಮೊತ್ತ ನೋಡಿ ಸಮಾಧಾನಪಡಬೇಡಿ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿಯಿಂದ ಆಗುವ ತೊಂದರೆಯನ್ನು ಅಗ್ಗದ ಪಾಲಿಸಿಗಳು ಬಹಳಷ್ಟು ಸಲ ಹೊರಗಿಟ್ಟಿರುತ್ತವೆ. ಉಳಿಯುವ ಅವಧಿ ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ, ಬಂದ ದಿನ ಹೋಗುವ ದಿನ ಎರಡೂ ಲೆಕ್ಕಕ್ಕೆ.

ಊರಿಂದ ಏನು ತರಬೇಕೆಂದು ಅಮ್ಮ ಕೇಳಿಯೇ ಕೇಳುತ್ತಾರೆ. ತುಪ್ಪ, ಪೇಡ, ಹಾಲಿನ ಸಿಹಿ, ಮಾಂಸ ಯುರೋಪಿನ ಒಳಗೆ ತರುವಂತಿಲ್ಲ. ಕರಿಬೇವು, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅಂದರೆ ಬಿಡುವುದೇ ವಾಸಿ. ತೆಂಗಿನಕಾಯಿಗೆ ಅದು ಬೇಡ. ಚಟ್ನಿಪುಡಿ, ಸಾರಿನಪುಡಿ, ಹುರಿಗಡಲೆ ಧಾರಾಳವಾಗಿ ತರಲಿ. ಅಲ್ಯೂಮಿನಿಯಂ ಕುಕ್ಕರ್ ಬೇಡ ಎನ್ನಿ, ಇಂಡಕ್ಷನ್ ಒಲೆಯ ಮೇಲೆ ಅದು ಕಾಯುವುದಿಲ್ಲ.

ಇನ್ನು ಸ್ನಾನ. ಹಲವು ಮನೆಗಳಲ್ಲಿ 200 ಲೀಟರಿನ ವಿದ್ಯುತ್ ಹಂಡೆ ಇರುತ್ತದೆ, ಅಗ್ಗದ ದರದ ಹೊತ್ತಿನಲ್ಲಿ, ಹೆಚ್ಚಾಗಿ ರಾತ್ರಿ, ಕಾಯುತ್ತದೆ. ನಾಲ್ಕನೆಯವರು ಷವರ್ ಕೆಳಗೆ ನಿಲ್ಲುವ ಹೊತ್ತಿಗೆ ನೀರು ತಣ್ಣಗೆ. ಫ್ಯೂಸ್ ಪೆಟ್ಟಿಗೆಯಲ್ಲಿ 0, A, I ಎಂದು ಬರೆದ ಸಣ್ಣ ಗುಂಡಿಯಿದೆ. ಅದನ್ನು A ಯಿಂದ I ಗೆ ತಳ್ಳಿದರೆ ಹಗಲಲ್ಲೇ ಕಾಯಲು ಶುರು. ಆಮೇಲೆ ಮರಳಿ A ಗೆ ಬಂದಿದೆಯೇ ನೋಡಿ. ಬಕೆಟ್ ಚೊಂಬಿನ ಸ್ನಾನ ನೀರು ಉಳಿಸುತ್ತದೆ, ಆದರೆ ಟಬ್ಬಿನೊಳಗೇ ಕೂತು ಆಗಬೇಕು. ಬಚ್ಚಲಿನ ನೆಲದಲ್ಲಿ ನೀರು ಹೋಗುವ ತೂತೇ ಇಲ್ಲ. ಹಳೆಯ ಮನೆಯ ಮಹಡಿಯಲ್ಲಿ ಚೆಲ್ಲಿದ ನೀರು ಮರದ ಹಲಗೆ ಸಂದಿನಿಂದ ಕೆಳಗಿನ ಕೋಣೆಯ ಚಾವಣಿಗೆ ಇಳಿಯುತ್ತದೆ. ಶೌಚಕ್ಕೆ ಜೆಟ್ ಕೂರಿಸಿದರೆ ಬಳಸಿದ ಮೇಲೆ ಗೋಡೆಯ ಕಡೆಯ ಕೊಳಾಯಿ ಮುಚ್ಚಿ. ಸದಾ ಒತ್ತಡದಲ್ಲಿದ್ದ ಪೈಪು ಒಂದು ದಿನ ಒಡೆಯುತ್ತದೆ.

ಚರಂಡಿ ಜಾಲವಿಲ್ಲದ ಊರಿನಲ್ಲಿ ಮನೆಗೊಂದು ‘ಫೋಸ್ ಸೆಪ್ತೀಕ್’, ಅಂದರೆ ಸೆಪ್ಟಿಕ್ ಟ್ಯಾಂಕ್. ಅದನ್ನು ನಡೆಸುವುದು ಬ್ಯಾಕ್ಟೀರಿಯಾ. ಬ್ಲೀಚ್ ಸುರಿದರೆ ಅವು ಸಾಯುತ್ತವೆ, ಕರಿದ ಎಣ್ಣೆ ಗಟ್ಟಿಯಾಗಿ ಪೈಪು ಕಟ್ಟುತ್ತದೆ, ಒದ್ದೆ ಟಿಶ್ಯೂ ಕರಗುವುದೇ ಇಲ್ಲ. ಬೋಂಡಾ ಕರಿದ ಎಣ್ಣೆಯನ್ನು ಬಾಟಲಿಗೆ ತುಂಬಿ ಊರಿನ ಕಸ ಸಂಗ್ರಹ ಕೇಂದ್ರವಾದ ‘ದೆಶೆತ್ರಿ’ಗೆ ಒಯ್ಯಿರಿ. ಬಟ್ಟೆಯ ಮಷಿನ್ ಒಂದೇ ದಿನ ನಾಲ್ಕು ಸಲ ಹಾಕಬೇಡಿ, ನೀರಿನ ರಭಸಕ್ಕೆ ತಳದ ಗಷ್ಟು ಇಂಗುಕಾಲುವೆಗೆ ನುಗ್ಗುತ್ತದೆ.

ಕರೆಂಟ್ ಒಪ್ಪಂದದಲ್ಲಿ ಒಮ್ಮೆಗೆ ಬಳಸಬಹುದಾದ ಮಿತಿ 6 ಕೆವಿಎ ಇದ್ದರೆ ಇಂಡಕ್ಷನ್, ಓವನ್, ಹೀಟರ್ ಮೂರೂ ಒಟ್ಟಿಗೆ ನಡೆಯವು. ಮನೆ ಕತ್ತಲಾಯಿತು, ಫ್ಯೂಸ್ ಪೆಟ್ಟಿಗೆಯ ಸ್ವಿಚ್ಚುಗಳೆಲ್ಲ ಮೇಲೇ (ಆನ್) ಇವೆ ಎಂದರೆ ‘ಲಿಂಕಿ’ ಎಂಬ ಸ್ಮಾರ್ಟ್ ಕರೆಂಟ್ ಮೀಟರ್ ನೋಡಿ. ಒಂದು ಉಪಕರಣ ಆರಿಸಿ, ಮೀಟರಿನ + ಗುಂಡಿಯನ್ನು ಕೆಲ ಸೆಕೆಂಡು ಒತ್ತಿಹಿಡಿಯಿರಿ.

ನೀವು ಕೆಲಸಕ್ಕೆ ಹೋದಾಗ ಹಿರಿಯರು ಒಬ್ಬರೇ ಇರುತ್ತಾರೆ. ಮನೆಯ ಪೂರ್ತಿ ವಿಳಾಸ, ಕೊಮ್ಯೂನಿನ (ಮೇರಿಯ ಆಡಳಿತಕ್ಕೆ ಸೇರಿದ ಊರಿನ) ಹೆಸರು, ಅವರ ಕಾಯಿಲೆ, ಮಾತ್ರೆಗಳ ರಾಸಾಯನಿಕ ಹೆಸರು ಫ್ರೆಂಚಿನಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ತುರ್ತಿಗೆ 15 ಅಥವಾ 112. ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಬೇಟೆಯ ಕಾಲ, ಬೆಳಗಿನ ವಾಕಿಂಗಿಗೆ ಕಾಡಂಚಿಗೆ ಹೋಗುವುದಾದರೆ ಕಾರಿನಲ್ಲಿರುವ ಹಳದಿ ಜಾಕೆಟ್ ತೊಡಿಸಿ ಕಳಿಸಿ.

ನೆರೆಮನೆಯವರು ಊಟಕ್ಕೆ ಕರೆದಾಗ ಬರೀ ‘ಸಸ್ಯಾಹಾರಿ’ ಎಂದರೆ ಸಾಲದು. ಹಂದಿಯ ಚೂರು ‘ಲಾರ್ದೋಂ’ ಹಾಕಿದ ಕೀಶ್ (ಮೊಟ್ಟೆ, ಕೆನೆಯ ಹೂರಣದ ಖಾರದ ಟಾರ್ಟ್) ಅನ್ನು ‘ಇದರಲ್ಲಿ ಮಾಂಸವಿಲ್ಲ’ ಎಂದು ಒಳ್ಳೆಯ ಮನಸ್ಸಿನಿಂದಲೇ ಬಡಿಸುವವರಿದ್ದಾರೆ. ಮಾಂಸ, ಮೀನು, ಜಾಂಬೋಂ (ಹಂದಿಯ ಹ್ಯಾಮ್), ಮಾಂಸದ ಸಾರು ಎಂದು ಒಂದೊಂದಾಗಿ ಹೆಸರು ಹೇಳಿ, ಎರಡು ದಿನ ಮೊದಲೇ.