ಕಡಲ ಅವಘಡಕ್ಕೆ ಕುಂಡಲಿ ಹಾಕುವ ಮುಂಚೆ

ಕಾರವಾರದ ಕೋಡಿಬಾಗದ ನಮ್ಮ ಜಗಲಿಗೆ ಬೋಟಿನವರು ಬಂದು, ‘ಭಟ್ರೆ, ನಾಳೆ ಬೋಟು ಬಿಡ್ಲಕ್ಕಾ?’ ಅಂತ ಕೇಳುವುದುಂಟು. ಅದಕ್ಕೆ ನಾನು ಪಂಚಾಂಗ ತೆರೆಯುವುದಿಲ್ಲ. ಹವಾಮಾನ ಇಲಾಖೆ ಏನು ಹೇಳಿದೆ ನೋಡ್ರಾ ಅನ್ನುತ್ತೇನೆ. ಮೇದಿನಿ ಜ್ಯೋತಿಷ, ಅಂದರೆ ಒಬ್ಬನ ಜಾತಕ ಬಿಟ್ಟು ದೇಶ, ಮಳೆ, ಕಡಲು ನೋಡುವ ಶಾಸ್ತ್ರ, ನನಗೇನಿದ್ದರೂ ಆಗಿಹೋದದ್ದನ್ನು ಓದುವುದಕ್ಕೆ.

ಮೊದಲು ನಿಯಮಗಳನ್ನು ಹಾಳೆಯ ಮೇಲೆ ಬರೆದಿಡಿ, ಕುಂಡಲಿ ಆಮೇಲೆ. ತಿರುಗಾಮುರುಗಾ ಮಾಡಿದರೆ ಯಾವ ಕುಂಡಲಿಯಲ್ಲೂ ನೀರು ಕಾಣುತ್ತದೆ. ಯಾವ ಗಳಿಗೆ ಹಿಡಿಯುತ್ತೀರಿ ಎಂಬುದನ್ನೂ ಬರೆಯಿರಿ. ಟೈಟಾನಿಕ್ ಹಿಮಗಡ್ಡೆಗೆ ತಾಗಿದ್ದು 1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ, ಮುಳುಗಿದ್ದು ನಸುಕಿನ 2.20ಕ್ಕೆ. ಅಷ್ಟರಲ್ಲಿ ಲಗ್ನವೇ, ಅಂದರೆ ಪೂರ್ವದಲ್ಲಿ ಉದಯಿಸುವ ರಾಶಿಯೇ, ಬದಲಾಗಿರುತ್ತದೆ. ನಾನು ತಾಗಿದ ಗಳಿಗೆ ಹಿಡಿಯುತ್ತೇನೆ.

ನನ್ನ ಹಾಳೆಯಲ್ಲಿ ಮೂರೇ ಪ್ರಶ್ನೆ. ಜಲರಾಶಿಗಳಾದ ಕರ್ಕ, ವೃಶ್ಚಿಕ, ಮೀನದಲ್ಲಿ ಶನಿ, ಕುಜ, ರಾಹು ಇದ್ದಾರೆಯೇ? ಹದಿನೈದು ದಿನದ ಆಚೀಚೆ ಗ್ರಹಣವಿತ್ತೇ, ಇದ್ದರೆ ಆ ಊರಿಗೆ ಕಂಡಿತೇ? ಕಾಣದ ಗ್ರಹಣಕ್ಕೆ ನಮ್ಮಲ್ಲಿ ಫಲ ಹೇಳುವುದಿಲ್ಲ. ಮೂರನೆಯದು ಕೂರ್ಮಚಕ್ರ: ಆ ಗಳಿಗೆಯ ಚಂದ್ರನ ನಕ್ಷತ್ರ ಅವಘಡವಾದ ನಾಡಿನ ದಿಕ್ಕಿನದ್ದೇ? ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ 27 ನಕ್ಷತ್ರಗಳನ್ನು ಕೃತ್ತಿಕೆಯಿಂದ ಮೂರು ಮೂರರಂತೆ ನಡುನಾಡು ಮತ್ತು ಎಂಟು ದಿಕ್ಕುಗಳಿಗೆ ಹಂಚಿದ್ದಾರೆ. ನಮ್ಮ ಕರಾವಳಿ ಪಶ್ಚಿಮದಲ್ಲಿದೆಯೆಂದು ಪಶ್ಚಿಮದ ನಕ್ಷತ್ರಗಳಾದ ಜ್ಯೇಷ್ಠಾ, ಮೂಲ ಹಿಡಿದು ಕೂರಬೇಡಿ. ಕೊಂಕಣವೂ ವನವಾಸಿಯೂ ದಕ್ಷಿಣದ ಪಟ್ಟಿಯಲ್ಲಿವೆ. ವನವಾಸಿ ಅಂದರೆ ಶಿರಸಿ ಪಕ್ಕದ ಬನವಾಸಿಯೇ ಎಂದು ನಾನು ಓದಿಕೊಳ್ಳುತ್ತೇನೆ. ದಕ್ಷಿಣಕ್ಕೆ ಉತ್ತರೆ, ಹಸ್ತ, ಚಿತ್ತೆ.

ಕೈ ಪಳಗಿಸಿಕೊಳ್ಳಲು 2004ರ ಡಿಸೆಂಬರ್ 26ರ ಸುನಾಮಿ ಒಳ್ಳೆಯದು. ಹುಣ್ಣಿಮೆ, ಕಡಲಡಿ ಭೂಮಿ ನಡುಗಿದ್ದು ಬೆಳಿಗ್ಗೆ 6.29ಕ್ಕೆ. ಕರ್ಕದಲ್ಲಿ ವಕ್ರಿ, ಅಂದರೆ ಹಿಂದಕ್ಕೆ ಸರಿಯುವಂತೆ ಕಾಣುವ ಶನಿ, ವೃಶ್ಚಿಕದಲ್ಲಿ ಕುಜ. ಮೈ ಜುಮ್ಮೆನ್ನುತ್ತದೆ. ಆದರೆ ಚಂದ್ರ ಮೃಗಶಿರದಲ್ಲಿ, ಅದು ನಡುನಾಡಿನ ನಕ್ಷತ್ರ. ನೀರು ನುಗ್ಗಿದ್ದು ದಕ್ಷಿಣದ ನಾಗಪಟ್ಟಣದ ಕಡೆ. ಕೂರ್ಮಚಕ್ರ ಕೂಡಲಿಲ್ಲ ಎಂದು ಹಾಗೇ ಬರೆದಿಟ್ಟಿದ್ದೇನೆ.

ಇನ್ನು ನಮ್ಮೂರಿನದು. 2019ರ ಜನವರಿ 21, ಪುಷ್ಯ ಹುಣ್ಣಿಮೆ. ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿತು. ಗಡದ ಹೆಸರಿನಲ್ಲೇ ಕೂರ್ಮವಿದೆಯೆಂದು ಆಗ ಎಷ್ಟೋ ಜನ ನನಗೆ ಹೇಳಿದರು. ಆ ರಾತ್ರಿ ನಿದ್ದೆ ಬಾರದೆ ಕುಂಡಲಿ ಹಾಕಿದೆ. ಕರ್ಕದಲ್ಲಿ ರಾಹು, ಮೀನದಲ್ಲಿ ಕುಜ, ಅದೇ ದಿನ ಕರ್ಕದಲ್ಲೇ ಚಂದ್ರಗ್ರಹಣ. ಮೊದಲ ಪ್ರಶ್ನೆಗೆ ಮೂರರಲ್ಲಿ ಎರಡು ಅಂಕ. ಆದರೆ ಗ್ರಹಣ ಹಿಡಿದದ್ದು ನಮಗೆ ಹಗಲಲ್ಲಿ, ಕಾಣುವ ಮಾತೇ ಇಲ್ಲ. ಚಂದ್ರ ಪುಷ್ಯದಲ್ಲಿ, ಅದು ಪೂರ್ವದ ನಕ್ಷತ್ರ. ಹುಣ್ಣಿಮೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಯಾಕೆಂದರೆ ಆ ಜಾತ್ರೆ ನಡೆಯುವುದೇ ಪುಷ್ಯ ಹುಣ್ಣಿಮೆಗೆ.

ಇಲ್ಲಿಗೇ ನಿಲ್ಲಿಸಬೇಡಿ, ತಿರುಗಿಸಿ ನೋಡಿ. ರಾಹು ಒಂದು ರಾಶಿಯಲ್ಲಿ ಒಂದೂವರೆ ವರ್ಷ ಇರುತ್ತಾನೆ. ಅಷ್ಟು ದಿನ ಬೈತಖೋಲ ಬಂದರಿನಿಂದ ಹೊರಟ ಬೋಟುಗಳು ಬುಟ್ಟಿ ತುಂಬಾ ಬಂಗಡೆ ತಂದಿವೆ. ನಾನು ಹಾಳೆಯ ಹಿಂಬದಿಯಲ್ಲಿ ಅಂಥ ಏನೂ ಆಗದ ಹತ್ತು ದಿನಗಳ ಗ್ರಹಸ್ಥಿತಿ ಬರೆಯುತ್ತೇನೆ. ಬೇಜಾರಿನ ಕೆಲಸ, ಆದರೂ ಬಿಡುವುದಿಲ್ಲ.

ಕೊನೆಗೆ ಷರಾಕ್ಕೆ ಒಂದು ಸಾಲು ಖಾಲಿ ಇಡಿ. ಭರತಿ, ಗಾಳಿ, ಅಳಿವೆಯ ಅಲೆ ಅದರಲ್ಲಿ ಬರಲಿ. ನನ್ನ 2019ರ ಹಾಳೆಯಲ್ಲಿ ಆ ಸಾಲಿಗೆ ಬರೆದದ್ದು ಇಷ್ಟೇ: ದೋಣಿಯಲ್ಲಿ ಜನ ಜಾಸ್ತಿ.