ಮೇಸ್ತ್ರಿಗೆ ಏನು ಹೇಳಬಾರದು: ಎಆರ್‌ಇ ಬರೆದ ನನ್ನ ಅನುಭವ

ಬೆಂಗಳೂರಿನಲ್ಲಿ ಬಿ.ಆರ್ಕ್ ಮುಗಿಸಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದಾಗಲೇ ನಾನು ಆರ್ಕಿಟೆಕ್ಟ್ ಆಗಿದ್ದೆ. ಅದಕ್ಕೆ ಬೇರೆ ಪರೀಕ್ಷೆ ಏನೂ ಇರಲಿಲ್ಲ. ಆಮೇಲೆ ಚಿಕಾಗೋಗೆ ಬಂದು, ಎಂ.ಆರ್ಕ್ ಮಾಡಿ ಕೆಲಸಕ್ಕೆ ಸೇರಿದರೆ ನನ್ನ ಕಾರ್ಡಿನಲ್ಲಿ ಬಂದದ್ದು "ಡಿಸೈನರ್". ಇಲ್ಲಿ ಲೈಸೆನ್ಸ್ ಇಲ್ಲದೆ ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳುವ ಹಾಗಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಇಷ್ಟು ಓದಿ ಹಿಂದಕ್ಕೆ ಹೋದ್ಯೇನೇ?" ಅಂದರು.

ಲೈಸೆನ್ಸಿಗೆ ಡಿಗ್ರಿ ಬೇಕು, 3,740 ಗಂಟೆಗಳ ಕೆಲಸದ ಅನುಭವದ ಲೆಕ್ಕ ಬೇಕು, ಜೊತೆಗೆ ಎಆರ್‌ಇ ಪಾಸಾಗಬೇಕು. ಅಮೆರಿಕದ ಲೈಸೆನ್ಸ್ ಮಂಡಳಿಗಳ ಒಕ್ಕೂಟ ಎನ್‌ಕಾರ್ಬ್ ನಡೆಸುವ ಈ ಎಆರ್‌ಇ (ಆರ್ಕಿಟೆಕ್ಟ್ ರಿಜಿಸ್ಟ್ರೇಷನ್ ಎಕ್ಸಾಮಿನೇಷನ್) ಅಂದರೆ ಆರು ಪರೀಕ್ಷೆಗಳು. ನಾನು ಬರೆದಾಗ ಒಂದೊಂದಕ್ಕೂ 235 ಡಾಲರ್. ಆರಕ್ಕೂ ಸೇರಿ 1,410, ಅದೂ ಎಲ್ಲ ಮೊದಲ ಸಲವೇ ಪಾಸಾದರೆ.

ನನಗೆ ಆಗಲಿಲ್ಲ. ಎಲ್ಲಕ್ಕಿಂತ ಸುಲಭ ಅಂದುಕೊಂಡದ್ದರಲ್ಲೇ ಮೊದಲು ಬಿದ್ದೆ.

ಅದು ಕನ್‌ಸ್ಟ್ರಕ್ಷನ್ ಅಂಡ್ ಇವ್ಯಾಲ್ಯುಯೇಷನ್, ಬಾಯಿಮಾತಿನಲ್ಲಿ ಸಿಇ. ಕಟ್ಟಡ ಏಳುವಾಗ ಆರ್ಕಿಟೆಕ್ಟ್ ಏನು ಮಾಡಬೇಕು ಅನ್ನುವ ಪೇಪರ್. 75 ಪ್ರಶ್ನೆ, ಮೂರು ಗಂಟೆ. ಬೆಂಗಳೂರಿನಲ್ಲಿ ಎರಡು ವರ್ಷ ಸೈಟಿನಲ್ಲಿ ಬಿಸಿಲು ಕುಡಿದವಳು ನಾನು, ಇದಕ್ಕೆ ಏನು ಓದೋದು ಅಂದುಕೊಂಡೆ. 2021ರ ಮಾರ್ಚ್‌ನಲ್ಲಿ ಹೋಗಿ ಬರೆದೆ. ಫೇಲ್.

ನಾವು ಸೈಟಿನಲ್ಲಿ ಹೇಗಿರುತ್ತೇವೆ ಗೊತ್ತಲ್ಲ? ಮೋಲ್ಡ್ ಹಾಕುವ ಹಿಂದಿನ ದಿನ ಹೋಗುತ್ತೇವೆ. ಕಂಬಿಯ ಕೆಳಗಿಡುವ ಕವರ್ ಬ್ಲಾಕ್ ಇಲ್ಲ ಅಂದರೆ ಕಂಬಿ ಕಟ್ಟುವವರನ್ನೇ ಕರೆದು ಇಡಿಸುತ್ತೇವೆ. ಕಾಂಕ್ರೀಟ್ ಹೊರುವ ಸೆಂಟ್ರಿಂಗ್ ಅಲ್ಲಾಡುತ್ತಿದ್ದರೆ "ಇದನ್ನ ಬಿಚ್ಚಿ ಮತ್ತೆ ಕಟ್ಟಪ್ಪ, ಅಲ್ಲಿವರೆಗೂ ಕಾಂಕ್ರೀಟ್ ಬೇಡ" ಅಂತ ಮೇಸ್ತ್ರಿಗೇ ಹೇಳುತ್ತೇವೆ. ಒಳ್ಳೆಯ ಆರ್ಕಿಟೆಕ್ಟ್ ಮಾಡಬೇಕಾದದ್ದೇ ಅದು ಅಂತ ನನ್ನ ನಂಬಿಕೆ. ಎಆರ್‌ಇಯಲ್ಲಿ ಹೋಗಿ ನೋಡುವುದೊಂದು ಬಿಟ್ಟು ಉಳಿದದ್ದೆಲ್ಲ ತಪ್ಪು ಉತ್ತರ!

ಇಲ್ಲಿ ಅಮೆರಿಕದ ಆರ್ಕಿಟೆಕ್ಟರ ಸಂಘವಾದ ಎಐಎಯ ಎ201 ಅನ್ನುವ ಕರಾರು ಪತ್ರವೇ ಬೈಬಲ್. ಅದರ ಪ್ರಕಾರ ಕೆಲಸ ಹೇಗೆ ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಅನ್ನುವುದು ಪೂರ್ತಿ ಕಾಂಟ್ರ್ಯಾಕ್ಟರ್ ಜವಾಬ್ದಾರಿ. ಆರ್ಕಿಟೆಕ್ಟ್ ಅದರಲ್ಲಿ ಕೈ ಹಾಕಿದರೆ ಆ ಜವಾಬ್ದಾರಿ ಅವಳ ಹೆಗಲಿಗೆ ಬರಬಹುದು. ಡ್ರಾಯಿಂಗ್ ಪ್ರಕಾರ ಇಲ್ಲದ ಕೆಲಸವನ್ನು ಅವಳು ತಿರಸ್ಕರಿಸಬಹುದು. ಆದರೆ ಕೆಲಸ ನಿಲ್ಲಿಸಿ ಅನ್ನುವ ಹಕ್ಕು ಅವಳಿಗಿಲ್ಲ, ಅದು ಓನರ್ ಕೈಯಲ್ಲಿದೆ.

ಫೇಲಾದರೆ ಅದೇ ಪೇಪರ್ ಮತ್ತೆ ಬರೆಯಲು 60 ದಿನ ಕಾಯಬೇಕು. ಮೊದಲ ವಾರ ಸುಮ್ನೆ ಮುಖ ಊದಿಸಿಕೊಂಡು ಓಡಾಡಿದೆ. ಆಮೇಲೆ ಎ201 ಪ್ರಿಂಟ್ ತೆಗೆದು, ಬೆಳಿಗ್ಗೆ ಐದರಿಂದ ಆರೂವರೆ ತನಕ ಒಂದೊಂದೇ ಆರ್ಟಿಕಲ್ ಓದಲು ಕೂತೆ. ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ವಕೀಲರ ಇಂಗ್ಲಿಷ್ ಅದು. ಡಲ್ಲಾಸ್‌ನಲ್ಲಿ ಹುಬ್ಬಳ್ಳಿಯ ಗೆಳತಿಯೊಬ್ಬಳು ಇದನ್ನೇ ಓದುತ್ತಿದ್ದಳು. ಭಾನುವಾರ ವಿಡಿಯೋ ಕಾಲ್ ಹಾಕಿ ಒಬ್ಬರಿಗೊಬ್ಬರು ಕನ್ನಡದಲ್ಲಿ ಪಾಠ ಹೇಳಿಕೊಳ್ಳಲು ಶುರು ಮಾಡಿದೆವು. ಮೂವತ್ತು ನಲವತ್ತು ಸೈಟಿನ ಒಂದು ಮನೆಯನ್ನು ಕಲ್ಪಿಸಿಕೊಂಡು, ಎಲ್ಲ ಜಗಳವನ್ನೂ ಅದರೊಳಗೇ ತಂದೆವು.

ಉದಾಹರಣೆಗೆ, ನಡುವೆ ಬದಲಾವಣೆ ಬಂತು ಅನ್ನಿ. ನಮ್ಮಲ್ಲಿ "ಮೇಡಂ, ಎಕ್ಸ್‌ಟ್ರಾ ಆಗುತ್ತೆ" ಅಂತ ಹೇಳಿ ಮುಗಿಸುತ್ತಾರೆ. ಇಲ್ಲಿ ಸಹಿ ಎಣಿಸಬೇಕು. ಓನರ್, ಕಾಂಟ್ರ್ಯಾಕ್ಟರ್, ಆರ್ಕಿಟೆಕ್ಟ್ ಮೂವರೂ ದುಡ್ಡು ಮತ್ತು ದಿನಕ್ಕೆ ಒಪ್ಪಿದರೆ ಚೇಂಜ್ ಆರ್ಡರ್, ಮೂರು ಸಹಿ. ಕಾಂಟ್ರ್ಯಾಕ್ಟರ್ ರೇಟಿಗೆ ಒಪ್ಪುತ್ತಿಲ್ಲ, ಆದರೆ ಕೆಲಸ ನಿಲ್ಲಬಾರದು ಅಂದರೆ ಚೇಂಜ್ ಡೈರೆಕ್ಟಿವ್, ಓನರ್ ಮತ್ತು ಆರ್ಕಿಟೆಕ್ಟ್ ಸಹಿ ಸಾಕು. ದುಡ್ಡೂ ಬದಲಾಗಲ್ಲ, ದಿನವೂ ಬದಲಾಗಲ್ಲ ಅನ್ನುವ ಚಿಕ್ಕ ತಿದ್ದುಪಡಿಗೆ ಆರ್ಕಿಟೆಕ್ಟ್ ಒಬ್ಬಳ ಸಹಿ. ಮೂರು, ಎರಡು, ಒಂದು. ಗೆಳತಿ ಇದನ್ನು ಮಗ್ಗಿ ಥರ ಹೇಳುತ್ತಿದ್ದಳು.

ನಿಜವಾದ ಪ್ರಶ್ನೆಗಳನ್ನು ಹೊರಗೆ ಹೇಳುವ ಹಾಗಿಲ್ಲ, ಅದಕ್ಕೂ ಒಪ್ಪಿಗೆ ಕೊಟ್ಟಿರುತ್ತೇವೆ. ಆದರೆ ಓದುವಾಗ ಪ್ರತಿಯೊಂದಕ್ಕೂ "ಇದು ಯಾರ ಕೆಲಸ?" ಅಂತ ಕೇಳಿಕೊಳ್ಳುವ ಅಭ್ಯಾಸ ಆಯಿತು. ಎರಡನೇ ಸಲ ಸಿಇ ಪಾಸು. ಅದೇ ಓದಿನ ಬಿಸಿಯಲ್ಲಿ ಪ್ರಾಕ್ಟೀಸ್ ಮ್ಯಾನೇಜ್‌ಮೆಂಟ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎರಡನ್ನೂ ಮುಗಿಸಿದೆ. ಮೂರಕ್ಕೂ ಕರಾರು ಪತ್ರಗಳೇ ಬುನಾದಿ. ಒಟ್ಟಿಗೆ ಓದೋದು ಒಳ್ಳೆಯದು.

ಉಳಿದ ಮೂರು ಬೇರೆ ಥರ. ಸೈಟ್ ಅನಾಲಿಸಿಸ್, ಕಟ್ಟಡ ನಿಯಮಗಳ ಕೋಡ್, ಸ್ಟ್ರಕ್ಚರ್, ಎಚ್‌ವಿಎಸಿ (ಬಿಸಿ, ತಂಪು, ಗಾಳಿಯ ವ್ಯವಸ್ಥೆ), ಡೀಟೇಲಿಂಗ್. ಇಲ್ಲಿ ನನಗೆ ಕಷ್ಟವಾದದ್ದು ಚಳಿ. ಕಾಲೇಜಿನಲ್ಲಿ ಗಾಳಿ ಹೇಗೆ ಆಡಬೇಕು, ಮಳೆ ಹೇಗೆ ತಡೆಯಬೇಕು ಅಂತ ಕಲಿತವರು ನಾವು. ಚಿಕಾಗೋದಲ್ಲಿ ನೆಲ ಹೆಪ್ಪುಗಟ್ಟುವುದರಿಂದ ಪಾಯ 42 ಇಂಚು ಕೆಳಗೆ ಹೋಗಬೇಕು. ಗೋಡೆಯೊಳಗೆ ಆವಿ ನೀರಾಗದಂತೆ ತಡೆಯುವ ಪದರ ಚಳಿ ಊರಲ್ಲಿ ಒಳಗಡೆಗೆ, ಅಂದರೆ ಬೆಚ್ಚಗಿರುವ ಕಡೆಗೆ ಬರಬೇಕು. ಇದನ್ನು ಬಾಯಿಪಾಠ ಮಾಡಿದರೆ ಉಲ್ಟಾ ಬರೆದುಬಿಡುತ್ತೀರಿ. ಒಂದು ಗೋಡೆಯ ಸೆಕ್ಷನ್ ಬರೆದು, ಬಿಸಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬಾಣ ಹಾಕಿ ನೋಡಿ. ಇನ್ನು ವೀಲ್‌ಚೇರ್ ತಿರುಗಲು 60 ಇಂಚು, ರ‍್ಯಾಂಪಿಗೆ 1:12 ಇಳಿಜಾರು, ಇಂಥವು ನಾಲಿಗೆ ತುದಿಯಲ್ಲಿರಲಿ.

ದೊಡ್ಡ ಎರಡು ಪೇಪರ್ ಅಂದರೆ ಪಿಪಿಡಿ (ಪ್ರಾಜೆಕ್ಟ್ ಪ್ಲ್ಯಾನಿಂಗ್ ಅಂಡ್ ಡಿಸೈನ್) ಮತ್ತು ಪಿಡಿಡಿ (ಪ್ರಾಜೆಕ್ಟ್ ಡೆವಲಪ್‌ಮೆಂಟ್ ಅಂಡ್ ಡಾಕ್ಯುಮೆಂಟೇಷನ್). ತಲಾ 100 ಪ್ರಶ್ನೆ, ನಾಲ್ಕು ಗಂಟೆ ಐದು ನಿಮಿಷ. ಇವೆರಡರ ಓದು ಮುಕ್ಕಾಲು ಪಾಲು ಒಂದೇ, ಹಾಗಾಗಿ ಮೂರು ವಾರದ ಅಂತರದಲ್ಲಿ ಬರೆದೆ. ಬ್ರೇಕ್ ತೆಗೆದುಕೊಂಡರೆ ಅಲ್ಲಿಯವರೆಗೆ ನೋಡಿದ ಪ್ರಶ್ನೆಗಳಿಗೆ ವಾಪಸ್ ಹೋಗಲು ಆಗಲ್ಲ. ಹಾಗಾಗಿ ಗುರುತು ಹಾಕಿಟ್ಟ ಪ್ರಶ್ನೆಗಳನ್ನು ಮುಗಿಸಿಯೇ ಏಳಬೇಕು. ರಫ್ ಹಾಳೆಯೂ ಕೊಡಲಿಲ್ಲ, ಸ್ಕ್ರೀನಿನ ಮೇಲೆ ಮೌಸಿನಲ್ಲೇ ಗೀಚಬೇಕಿತ್ತು. ಮನೆಯಲ್ಲಿ ಒಂದು ವಾರ ಎಲ್ಲ ಲೆಕ್ಕವನ್ನೂ ಮೌಸಿನಲ್ಲೇ ಬರೆದು ಕೈ ಪಳಗಿಸಿಕೊಂಡೆ. ನನ್ನ 7 ಮತ್ತು 1 ಒಂದೇ ಥರ ಕಾಣುತ್ತವೆ ಅಂತ ಆಗ ಗೊತ್ತಾಯಿತು.

2022ರ ಸೆಪ್ಟೆಂಬರ್‌ನಲ್ಲಿ ಕೊನೆಯದು ಮುಗಿಯಿತು. ಒಟ್ಟು ಏಳು ಸಲ ಕೂತೆ, 1,645 ಡಾಲರ್. ಈಚೆಗೆ ಒಂದು ಸೈಟಿನಲ್ಲಿ ಕಿಟಕಿಯ ಫ್ಲ್ಯಾಶಿಂಗ್ (ನೀರು ಒಳಗೆ ಬರದಂತೆ ತಡೆಯುವ ಪಟ್ಟಿ) ತಪ್ಪಾಗಿ ಕೂತಿತ್ತು. ಕೆಲಸದವನು ತಿರುಗಿ, "ಹೇಗೆ ಸರಿ ಮಾಡಲಿ?" ಅಂದ. ಉತ್ತರ ನನಗೆ ಗೊತ್ತಿತ್ತು. ಜೇಬಿನೊಳಗೆ ಕೈ ಇಟ್ಟುಕೊಂಡು, ಡ್ರಾಯಿಂಗಿನ ಡೀಟೇಲ್ ನಂಬರ್ ಮಾತ್ರ ಹೇಳಿ, ಕಾಂಟ್ರ್ಯಾಕ್ಟರ್ ಆಫೀಸಿನ ಕಡೆ ನಡೆದೆ.